ಪಿ.ಆರ್. ತಿರಸ್ಕಾರವನ್ನು ಕೆನಡಾದ ನ್ಯಾಯಾಲಯದಲ್ಲಿ ಪ್ರಶ್ನಿಸಿದ ಅನುಭವ

ಕೆನಡಾದ ಪಿ.ಆರ್., ಅಂದರೆ ಕಾಯಂ ವಾಸದ ಪರವಾನಗಿಯ ಅರ್ಜಿ ತಿರಸ್ಕೃತವಾದವರಿಗೆ ಮುಂಬಯಿಯ ನಮ್ಮ ಕನ್ನಡಿಗರ ನಡುವೆ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: ಕಾಗದಪತ್ರಗಳನ್ನು ಸರಿಪಡಿಸಿಕೊಂಡು ಇನ್ನೊಮ್ಮೆ ಹಾಕಿ. ನನ್ನ ಅರ್ಜಿಯನ್ನು ಸಿದ್ಧಪಡಿಸಿಕೊಟ್ಟಿದ್ದ ಸಲಹೆಗಾರರೂ ಅದನ್ನೇ ಹೇಳಿದರು. ಆದರೆ ಆ ಹೊತ್ತಿಗೆ ನಾನು ಮೂವತ್ತೆಂಟು ದಾಟಿದ್ದೆ. ಎಕ್ಸ್‌ಪ್ರೆಸ್ ಎಂಟ್ರಿ ಎಂಬ, ಅಂಕಗಳ ಆಧಾರದ ಮೇಲೆ ಅರ್ಜಿ ಹಾಕಲು ಆಹ್ವಾನಿಸುವ ಪದ್ಧತಿಯಲ್ಲಿ ಮೂವತ್ತರ ನಂತರ ಪ್ರತಿ ವರ್ಷವೂ ವಯಸ್ಸಿನ ಲೆಕ್ಕದಲ್ಲಿ ಐದಾರು ಅಂಕಗಳು ಕಡಿಮೆಯಾಗುತ್ತ ಹೋಗಿ, ನಲವತ್ತರ ಮೇಲೆ ಇಳಿಕೆ ಇನ್ನೂ ಚುರುಕಾಗಿ, ನಲವತ್ತೈದಕ್ಕೆ ಆ ಕಲಮಿನಲ್ಲಿ ಸೊನ್ನೆ ಉಳಿಯುತ್ತದೆ. ಮತ್ತೆ ಅರ್ಜಿ ಹಾಕುವುದೆಂದರೆ ಕಡಿಮೆ ಅಂಕಗಳೊಂದಿಗೆ ಆಹ್ವಾನಕ್ಕಾಗಿ ಕಾಯುವುದು. ಆಹ್ವಾನ ಬಂದೀತೆಂಬ ಭರವಸೆಯಂತೂ ಇಲ್ಲ. ಆದ್ದರಿಂದ ತಿರಸ್ಕಾರದ ಆ ನಿರ್ಧಾರವನ್ನೇ ಪ್ರಶ್ನಿಸಲು ದಾರಿಯಿದೆಯೇ ಎಂದು ವಿಚಾರಿಸತೊಡಗಿದೆವು. ದಾರಿಯಿತ್ತು, ಅದು ಒಟ್ಟಾವಾದ ಫೆಡರಲ್ ನ್ಯಾಯಾಲಯಕ್ಕೆ ಹೋಗುತ್ತಿತ್ತು, ಮತ್ತು ಅದನ್ನು ಹಿಡಿಯಲು ಡೊಂಬಿವಲಿಯ ನಮ್ಮ ಮನೆಯಿಂದ ನಾವು ಕದಲಬೇಕಾಗಿರಲಿಲ್ಲ.

ನಾನು ಮಸ್ಜಿದ್ ಬಂದರಿನಲ್ಲಿ ಉಕ್ಕಿನ ಸಗಟು ವ್ಯಾಪಾರ ಮಾಡುವ ಒಂದು ಪೇಢಿಯಲ್ಲಿ ಬಹಳ ವರ್ಷಗಳಿಂದ ಅಕೌಂಟೆಂಟ್. ಆ ಪದ್ಧತಿಯೊಳಗಿನ ಫೆಡರಲ್ ಸ್ಕಿಲ್ಡ್ ವರ್ಕರ್ (ಕುಶಲ ಉದ್ಯೋಗಿ) ವರ್ಗದಲ್ಲಿ ಅರ್ಜಿ ಹಾಕುವವರು, ಆ ವರ್ಗದ್ದೇ ಬೇರೆ ಅಂಕಪಟ್ಟಿಯಲ್ಲಿ ನೂರಕ್ಕೆ ಕನಿಷ್ಠ 67 ಅಂಕ ಪಡೆಯುವುದರ ಜೊತೆಗೆ, ತಾವು ಹೇಳಿಕೊಂಡ ವೃತ್ತಿಯ ಬಗ್ಗೆ ಕೆನಡಾದ ರಾಷ್ಟ್ರೀಯ ವೃತ್ತಿ ವರ್ಗೀಕರಣದಲ್ಲಿ ಬರೆದಿರುವ ಮುಖ್ಯ ಕರ್ತವ್ಯಗಳಲ್ಲಿ ಗಣನೀಯ ಭಾಗವನ್ನು ನಿಜವಾಗಿ ನಿರ್ವಹಿಸಿದ್ದಾರೆಂದು ತೋರಿಸಬೇಕು. ಇದಕ್ಕೆ ಮುಖ್ಯ ಆಧಾರ ಮಾಲೀಕರ ಪತ್ರ. ನಮ್ಮ ಸೇಠರು ಪೇಢಿಯ ಲೆಟರ್‌ಹೆಡ್ಡಿನಲ್ಲಿ ಎರಡು ಪುಟಗಳ ಪತ್ರ ಕೊಟ್ಟಿದ್ದರು: ತಿಂಗಳ ಲೆಕ್ಕ ಮುಗಿಸುವುದು, ಜಿ.ಎಸ್.ಟಿ. ರಿಟರ್ನ್ ಸಲ್ಲಿಸುವುದು, ಟಿ.ಡಿ.ಎಸ್. ಕಡಿತ, ಕ್ಯಾಶ್ ಕ್ರೆಡಿಟ್ ಖಾತೆಗಾಗಿ ಬ್ಯಾಂಕಿಗೆ ಪ್ರತಿ ತಿಂಗಳೂ ಸ್ಟಾಕ್ ಸ್ಟೇಟ್‌ಮೆಂಟ್ ಕಳುಹಿಸುವುದು, ಹೊರದೇಶದಿಂದ ಬರುವ ಉಕ್ಕಿನ ಸುರುಳಿಗಳಾದ ಕಾಯಿಲ್‌ಗಳ ಕಸ್ಟಮ್ಸ್ ಸುಂಕದ ಲೆಕ್ಕ, ವರ್ಷಾಂತ್ಯದಲ್ಲಿ ಆಡಿಟರುಗಳ ಮುಂದೆ ಖಾತೆಪುಸ್ತಕಗಳನ್ನು ಇಟ್ಟು ಅವರ ಪ್ರಶ್ನೆಗಳಿಗೆ ಉತ್ತರಿಸುವುದು. ಜೊತೆಗೆ ಸಂಬಳದ ಚೀಟಿಗಳು, ತೆರಿಗೆ ಕಡಿತದ ಪ್ರಮಾಣಪತ್ರವಾದ ಫಾರ್ಮ್ 16, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಗಳು ಎಲ್ಲವೂ ಅರ್ಜಿಯೊಂದಿಗೆ ಹೋಗಿದ್ದವು.

ತಿರಸ್ಕಾರದ ಪತ್ರ 2024ರಲ್ಲಿ ಬಂತು. ಅದು ಎಲ್ಲರಿಗೂ ಹೋಗುವ ಮಾದರಿಯ ಪತ್ರ. ನಾನು ಹೇಳಿದ ಕೆಲಸವನ್ನು ಮಾಡಿದ್ದೇನೆಂದು ಅಧಿಕಾರಿಗೆ ಮನವರಿಕೆಯಾಗಿಲ್ಲ ಎಂಬುದರ ಹೊರತು ಅದರಲ್ಲಿ ಏನೂ ಇರಲಿಲ್ಲ. ನಿಜವಾದ ಕಾರಣಗಳು ಕಂಪ್ಯೂಟರಿನಲ್ಲಿ ಅಧಿಕಾರಿ ಬರೆದಿಟ್ಟುಕೊಳ್ಳುವ ಟಿಪ್ಪಣಿಗಳಲ್ಲಿರುತ್ತವೆ. ಇವನ್ನು ಅಲ್ಲಿನ ಮಾಹಿತಿ ಹಕ್ಕಿನ ಕಾನೂನಿನಡಿ ಐದು ಡಾಲರ್ ಶುಲ್ಕ ಕಟ್ಟಿ ತರಿಸಿಕೊಳ್ಳಬಹುದು, ಆದರೆ ಅರ್ಜಿ ಹಾಕುವವರು ಕೆನಡಾದಲ್ಲಿರಬೇಕು. ಹೊರಗಿರುವವರು ಈ ಕಾನೂನಿನಡಿ ಕೇಳುವುದಾದರೆ ಅಲ್ಲಿರುವ ಯಾರಿಗಾದರೂ ಒಪ್ಪಿಗೆಪತ್ರ ಬರೆದುಕೊಟ್ಟು ಅವರ ಮೂಲಕ ಪಡೆಯಬೇಕು. ನನ್ನ ಪತಿಯ ಚಿಕ್ಕಮ್ಮನ ಮಗಳು ಕೆನಡಾದ ಬ್ರಾಂಪ್ಟನ್ನಿನಲ್ಲಿದ್ದುದರಿಂದ ಅದು ಸಾಧ್ಯವಾಯಿತು. ಬಂದ ಟಿಪ್ಪಣಿಯಲ್ಲಿ ಅಧಿಕಾರಿ ಬರೆದದ್ದು ಕೆಲವೇ ಸಾಲು: ಪತ್ರದಲ್ಲಿರುವ ಕರ್ತವ್ಯಗಳು ವರ್ಗೀಕರಣದ ವಿವರಣೆಯನ್ನೇ ಹೆಚ್ಚುಕಡಿಮೆ ನಕಲು ಮಾಡಿದಂತಿವೆ, ಆದ್ದರಿಂದ ಅದಕ್ಕೆ ಕಡಿಮೆ ಮಹತ್ವ ಕೊಟ್ಟಿದ್ದೇನೆ, ಉದ್ಯೋಗವನ್ನು ಸಮರ್ಥಿಸುವ ಬೇರೆ ದಾಖಲೆಗಳು ಸಾಲವು, ಮನವರಿಕೆಯಾಗಿಲ್ಲ. ಫಾರ್ಮ್ 16ರ ಹೆಸರು ಎಲ್ಲಿಯೂ ಇರಲಿಲ್ಲ. ಸಂಬಳದ ಚೀಟಿಗಳ ಹೆಸರೂ ಇರಲಿಲ್ಲ.

ಆ ಸಾಲುಗಳನ್ನು ಓದಿದಾಗ ನನಗೆ ಬಂದ ಮೊದಲ ಯೋಚನೆಯೆಂದರೆ ಇನ್ನಷ್ಟು ಪುರಾವೆ ಒಟ್ಟುಗೂಡಿಸಬೇಕೆಂಬುದು. ಸೇಠರಿಂದ ಅಫಿಡವಿಟ್, ಆಡಿಟರಿಂದ ಪತ್ರ, ಬ್ಯಾಂಕಿನ ಮ್ಯಾನೇಜರರಿಂದ ಪ್ರಮಾಣಪತ್ರ ಎಂದು ಒಂದು ಪಟ್ಟಿಯನ್ನೇ ಮಾಡಿಕೊಂಡೆ. ಅದನ್ನು ನಿಲ್ಲಿಸಿದವರು ನನ್ನ ಸೋದರಮಾವ. ಅವರು ಹುಡುಗನಾಗಿದ್ದಾಗ ಕುಂದಾಪುರದ ಕಡೆಯಿಂದ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಮುಂದೆ ಅಲ್ಲಿಯೇ ಒಂದು ಸಾಲಿಸಿಟರ್ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಬೊಂಬಾಯಿ ಹೈಕೋರ್ಟಿನ ರಿಟ್ ಅರ್ಜಿಗಳ ಕಟ್ಟುಗಳನ್ನು ಮೂವತ್ತು ವರ್ಷ ಹೊತ್ತವರು. "ನೋಡು ಮಾರಾಯ್ತಿ, ಇದು ಅಪೀಲು ಅಲ್ಲ, ನಮ್ಮ ಸಂವಿಧಾನದ 226ನೇ ವಿಧಿಯ ರಿಟ್ಟಿನ ಹಾಗಿನ ಸಂಗತಿ," ಎಂದರು. "ಅಪೀಲಿನಲ್ಲಿ ನ್ಯಾಯಾಧೀಶರು ನಿನ್ನ ಕೇಸನ್ನು ಮತ್ತೆ ನೋಡಬಹುದು. ರಿಟ್ಟಿನಲ್ಲಿ ಅವರು ನೋಡುವುದು ಅಧಿಕಾರಿಯನ್ನು. ಅವನ ಎದುರಿಗೆ ಏನಿತ್ತು, ಅದನ್ನು ನೋಡಿ ಅವನು ಏನು ಬರೆದ, ಅಷ್ಟೇ. ಅವನು ನೋಡದೇ ಇದ್ದ ಕಾಗದವನ್ನು ಈಗ ತಂದು ಹಾಕಿದರೆ ಅವನ ತಪ್ಪು ಹೇಗೆ ತೋರಿಸುತ್ತಿ?"

ಮಾವ ಕೆನಡಾದ ಕಾನೂನನ್ನು ಓದಿದವರಲ್ಲ, ಆದರೆ ಟೊರಾಂಟೋದ ವಕೀಲರು ಮೊದಲ ಭೇಟಿಯಲ್ಲಿ ಹೇಳಿದ್ದೂ ಇದನ್ನೇ. ನಿರ್ಧಾರ ಮಾಡಿದ ಅಧಿಕಾರಿಯ ಮುಂದೆ ಇರದಿದ್ದ ಸಾಕ್ಷ್ಯವನ್ನು ನ್ಯಾಯಾಂಗ ಪರಿಶೀಲನೆ ಎಂಬ ಈ ದಾರಿಯಲ್ಲಿ ಸಾಮಾನ್ಯವಾಗಿ ಸ್ವೀಕರಿಸುವುದಿಲ್ಲ. ನ್ಯಾಯಾಲಯ ಪುರಾವೆಗಳನ್ನು ತಾನೇ ಹೊಸದಾಗಿ ತೂಗುವುದಿಲ್ಲ; ಪಿ.ಆರ್. ಅನ್ನು ತಾನೇ ಕೊಡುವುದೂ ಇಲ್ಲ. ಗೆದ್ದರೆ ಸಿಗುವುದು ಇಷ್ಟೇ: ಹಳೆಯ ನಿರ್ಧಾರ ರದ್ದಾಗಿ, ಅರ್ಜಿ ಬೇರೊಬ್ಬ ಅಧಿಕಾರಿಯ ಮೇಜಿಗೆ ಹೋಗುತ್ತದೆ. ಇಷ್ಟಕ್ಕಾಗಿ ಲಕ್ಷಗಟ್ಟಲೆ ರೂಪಾಯಿ ಖರ್ಚು ಮಾಡಬೇಕೇ ಎಂದು ಮನೆಯಲ್ಲಿ ಚರ್ಚೆ ನಡೆದದ್ದು ನಿಜ. ನ್ಯಾಯಾಲಯದ ಶುಲ್ಕ ಕೇವಲ 50 ಡಾಲರ್, ಖರ್ಚೆಲ್ಲ ವಕೀಲರದ್ದು. ಮತ್ತು ವಲಸೆ ಪ್ರಕರಣಗಳಲ್ಲಿ ವಿಶೇಷ ಕಾರಣವಿಲ್ಲದೆ ಗೆದ್ದವರಿಗೂ ಖರ್ಚು ಮರಳಿ ಕೊಡಿಸುವುದಿಲ್ಲ ಎಂಬ ನಿಯಮವಿದೆ. ಸೋತರೆ ಸರ್ಕಾರದ ಖರ್ಚನ್ನು ನಾವು ಕಟ್ಟಬೇಕಾಗಿಲ್ಲ ಎಂಬುದು ಅದೇ ನಿಯಮದ ಇನ್ನೊಂದು ಮುಖ. ಸಲಹೆಗಾರರು ಈ ಕೆಲಸ ಮಾಡಲಾರರು. ಫೆಡರಲ್ ನ್ಯಾಯಾಲಯದಲ್ಲಿ ಪರವಾನಗಿ ಪಡೆದ ವಲಸೆ ಸಲಹೆಗಾರನೂ ನಿಲ್ಲುವಂತಿಲ್ಲ, ವಕೀಲರೇ ಬೇಕು, ಇಲ್ಲವೇ ನಮ್ಮ ವಾದವನ್ನು ನಾವೇ ಮಾಡಿಕೊಳ್ಳಬೇಕು.

ಇದರಲ್ಲಿ ಕಾಲಮಿತಿ ಬಹಳ ಬಿಗಿ. ಕೆನಡಾದ 2001ರ ವಲಸೆ ಮತ್ತು ನಿರಾಶ್ರಿತರ ಸಂರಕ್ಷಣಾ ಕಾಯಿದೆಯ 72ನೇ ಕಲಮಿನ ಪ್ರಕಾರ, ನ್ಯಾಯಾಲಯಕ್ಕೆ ಅರ್ಜಿ ಹಾಕಲು ಇರುವ ಅವಧಿ ಕೆನಡಾದೊಳಗೆ ಆದ ನಿರ್ಧಾರವಾದರೆ ತಿಳಿದ ದಿನದಿಂದ 15 ದಿನ, ಹೊರಗೆ ಆದ ನಿರ್ಧಾರವಾದರೆ 60 ದಿನ. ತಿರಸ್ಕಾರವನ್ನು ಮರುಪರಿಶೀಲಿಸಿ ಎಂದು ಅಧಿಕಾರಿಗೇ ಮನವಿ ಬರೆದು ಉತ್ತರಕ್ಕಾಗಿ ಕಾಯುತ್ತ ಕುಳಿತರೆ ಈ ಅವಧಿ ನಿಲ್ಲುವುದಿಲ್ಲ, ಅದು ತನ್ನ ಪಾಡಿಗೆ ಓಡುತ್ತಲೇ ಇರುತ್ತದೆ. ಠಾಣೆಯಲ್ಲಿರುವ ನಮ್ಮ ಪರಿಚಯದವರೊಬ್ಬರ ಅವಧಿ ಹೀಗೆಯೇ ಕಳೆದುಹೋಗಿತ್ತು. ವಿಳಂಬವನ್ನು ಮನ್ನಿಸಿ ಎಂದು ಅದೇ ಅರ್ಜಿಯಲ್ಲಿ ಕೇಳಿಕೊಳ್ಳಬಹುದು, ಆದರೆ ಅದಕ್ಕೆ ತಕ್ಕ ಕಾರಣ ತೋರಿಸಬೇಕು.

ಅರ್ಜಿ ಹಾಕಿದ ಕೂಡಲೇ ವಿಚಾರಣೆ ಆಗುವುದಿಲ್ಲ. ಮೊದಲು ಅನುಮತಿಯ ಹಂತ. ಒಬ್ಬ ನ್ಯಾಯಾಧೀಶರು ಎರಡೂ ಕಡೆಯ ಲಿಖಿತ ವಾದವನ್ನು ಓದಿ, ಯಾರನ್ನೂ ಕರೆಯದೆ, ಈ ಪ್ರಕರಣ ವಿಚಾರಣೆಗೆ ಯೋಗ್ಯವೇ ಎಂದು ನಿರ್ಧರಿಸುತ್ತಾರೆ. ಅನುಮತಿ ಸಿಗದಿದ್ದರೆ ಸಾಮಾನ್ಯವಾಗಿ ಕಾರಣ ಹೇಳುವುದಿಲ್ಲ, ಅದರ ಮೇಲೆ ಅಪೀಲೂ ಇಲ್ಲ. ಇಡೀ ಪ್ರಕ್ರಿಯೆಯಲ್ಲಿ ನನಗೆ ಅತ್ಯಂತ ಕಠಿಣವೆನಿಸಿದ್ದು ಇದೇ. ನಮ್ಮಲ್ಲಿ ರಿಟ್ ಅರ್ಜಿ ದಾಖಲಾತಿಯ ಹಂತದಲ್ಲಿ ವಜಾ ಆದರೂ ವಕೀಲರು ಎದ್ದು ನಿಂತು ನಾಲ್ಕು ಮಾತು ಆಡಿರುತ್ತಾರೆ, ಎಂದು ಮಾವ ಕೂಡ ಬೇಸರಪಟ್ಟುಕೊಂಡರು.

ಆದ್ದರಿಂದ ಅನುಮತಿಗಾಗಿ ಸಲ್ಲಿಸುವ ದಾಖಲೆಯ ಕಟ್ಟು ಎಲ್ಲಕ್ಕಿಂತ ಮುಖ್ಯ. ಆಗ ಅದಕ್ಕೆ 30 ದಿನಗಳ ಅವಧಿಯಿತ್ತು. ಪ್ರಕರಣಗಳು ವಿಪರೀತ ಹೆಚ್ಚಿದ್ದರಿಂದ 2025ರ ಮೇ ತಿಂಗಳಲ್ಲಿ ನ್ಯಾಯಾಲಯ ಅದನ್ನು 75 ದಿನಗಳಿಗೆ ಏರಿಸಿತು. ಕಟ್ಟಿನಲ್ಲಿ ನಿರ್ಧಾರದ ಪ್ರತಿ, ಅಧಿಕಾರಿಯ ಟಿಪ್ಪಣಿ, ನನ್ನ ಅಫಿಡವಿಟ್, ವಕೀಲರ ವಾದಪತ್ರ ಇರಬೇಕು. ನನ್ನ ಅಫಿಡವಿಟ್ಟಿನಲ್ಲಿ ಹೇಳಬೇಕಾದದ್ದು ಬಹಳ ಕಡಿಮೆ: ನಾನು ಇಂಥ ದಾಖಲೆಗಳನ್ನು ಇಂಥ ಅರ್ಜಿಯೊಂದಿಗೆ ಸಲ್ಲಿಸಿದ್ದೆ, ಅವುಗಳ ಪ್ರತಿಗಳು ಇಲ್ಲಿವೆ. ನಾನು ಬರೆದು ಕಳುಹಿಸಿದ ಮೊದಲ ಕರಡಿನಲ್ಲಿ ಮಗಳ ಓದು, ಅತ್ತೆಯವರ ಆರೋಗ್ಯ, ಇಷ್ಟು ವರ್ಷ ಪ್ರಾಮಾಣಿಕವಾಗಿ ದುಡಿದದ್ದು ಎಲ್ಲವೂ ಇದ್ದವು. ವಕೀಲರು ಅವನ್ನೆಲ್ಲ ಸೌಜನ್ಯದಿಂದಲೇ ಹೊಡೆದುಹಾಕಿದ್ದರು.

ಅಫಿಡವಿಟ್ಟಿಗೆ ನೋಟರಿಯ ಮುಂದೆ ಪ್ರಮಾಣ ಮಾಡಲು ಮಾವನೊಂದಿಗೆ ಫೋರ್ಟಿಗೆ ಹೋದೆ. ಎಸ್‌ಪ್ಲನೇಡ್ ಕೋರ್ಟಿನ ಹತ್ತಿರ ಪುಟ್ಟ ಮೇಜು ಹಾಕಿಕೊಂಡು ಕೂತಿದ್ದ ಆ ನೋಟರಿಗೆ, ಸಹಿ ಮಾಡಿದ ಕಾಗದ ತಂದರೆ ಮೊಹರು ಒತ್ತಿ ರಿಜಿಸ್ಟರಿನಲ್ಲಿ ಬರೆದುಕೊಂಡು ಕಳುಹಿಸುವ ಅಭ್ಯಾಸ. ಟೊರಾಂಟೋದಿಂದ ಬಂದಿದ್ದ ಸೂಚನೆ ಬೇರೆ: ನಾನು ಅವರ ಎದುರಿಗೇ ಪ್ರಮಾಣ ಮಾಡಿ ಸಹಿ ಹಾಕಬೇಕು, ಯಾವ ಊರಿನಲ್ಲಿ, ಯಾವ ದಿನ ಪ್ರಮಾಣ ಮಾಡಿದ್ದು ಎಂಬುದು ಕೊನೆಯ ಪುಟದಲ್ಲಿ ಇರಬೇಕು, ಎ, ಬಿ, ಸಿ ಎಂದು ಗುರುತಿಸಿದ ಪ್ರತಿಯೊಂದು ಲಗತ್ತಿನ ಮುಂಪುಟದ ಮೇಲೂ, ಇದು ಅಫಿಡವಿಟ್ಟಿನಲ್ಲಿ ಹೇಳಿದ ಲಗತ್ತು ಎಂಬ ಒಕ್ಕಣೆಯ ಕೆಳಗೆ ನೋಟರಿಯೇ ಸಹಿ ಹಾಕಬೇಕು. ಕಟ್ಟು ದಪ್ಪವಾಗಿತ್ತು. "ಇಷ್ಟಕ್ಕೆಲ್ಲ ಸಹಿ ಯಾಕೆ?" ಎಂದು ಅವರು ಮರಾಠಿಯಲ್ಲಿ ಗೊಣಗಿದರು. ಮಾವ ಪಕ್ಕದಲ್ಲಿ ನಿಂತು, ಹಳೆಯ ಗುಮಾಸ್ತಿಕೆಯ ಗತ್ತಿನಲ್ಲಿ ಒಂದೊಂದೇ ಪುಟ ತಿರುಗಿಸಿಕೊಡುತ್ತ, ಮಸಿ ಒಣಗುವವರೆಗೆ ಮುಂದಿನ ಪುಟ ಮುಚ್ಚದಂತೆ ಬೆರಳಿಟ್ಟು ಹಿಡಿಯುತ್ತ, ಪೂರ್ತಿ ಮಾಡಿಸಿದರು. ಮನೆಗೆ ಬಂದು ಸ್ಕ್ಯಾನ್ ಮಾಡುವಾಗ ನೋಡಿದರೆ ಒಂದು ಲಗತ್ತಿನ ಮೇಲೂ ಮೊಹರು ಮಸುಕಾಗಿರಲಿಲ್ಲ.

ವಾದಪತ್ರವನ್ನು ವಕೀಲರು ನನಗೆ ಓದಲು ಕಳುಹಿಸಿದಾಗ ಒಂದು ವಿಷಯದಲ್ಲಿ ನಾನು ಅವರೊಂದಿಗೆ ಬಹಳ ಹೊತ್ತು ವಾದಿಸಿದೆ. ಅಧಿಕಾರಿಗೆ ಪತ್ರದ ಬಗ್ಗೆ ಅನುಮಾನವಿದ್ದಿದ್ದರೆ ಒಂದು ಇ-ಮೇಲ್ ಬರೆದು ಕೇಳಬಹುದಿತ್ತು, ಸೇಠರಿಗೆ ಫೋನ್ ಮಾಡಬಹುದಿತ್ತು, ಅದನ್ನು ಮಾಡದಿದ್ದುದೇ ದೊಡ್ಡ ಅನ್ಯಾಯ ಎಂಬುದು ನನ್ನ ಅಭಿಪ್ರಾಯ. ಅವರು ಅದನ್ನು ಎರಡನೆಯ ಅಂಶವಾಗಿ ಇಟ್ಟಿದ್ದರು. ಫೆಡರಲ್ ನ್ಯಾಯಾಲಯದ 2006ರ ಹಸ್ಸಾನಿ ಪ್ರಕರಣದಿಂದ ಅಲ್ಲಿ ಒಂದು ಗೆರೆ ಎಳೆಯಲಾಗಿದೆ: ಕಾನೂನು ಕೇಳುವ ಅರ್ಹತೆಗೆ ಪುರಾವೆ ಸಾಲದು ಎಂದಷ್ಟೇ ಅಧಿಕಾರಿಗೆ ಅನಿಸಿದರೆ ಅರ್ಜಿದಾರರನ್ನು ಕೇಳುವ ಬಾಧ್ಯತೆಯಿಲ್ಲ, ಏಕೆಂದರೆ ಸಾಕಷ್ಟು ಪುರಾವೆ ಒದಗಿಸುವುದು ಅರ್ಜಿದಾರರದೇ ಹೊಣೆ, ಕೊಟ್ಟ ದಾಖಲೆ ನಿಜವೇ, ಹೇಳಿದ ಮಾತು ನಂಬಲರ್ಹವೇ ಎಂಬ ಸಂಶಯವಿದ್ದರೆ ಮಾತ್ರ ಉತ್ತರಿಸಲು ಅವಕಾಶ ಕೊಡಬೇಕಾಗಬಹುದು. 'ನಕಲು ಮಾಡಿದಂತಿದೆ' ಎಂಬುದು ಈ ಗೆರೆಯ ಯಾವ ಕಡೆಗೆ ಬರುತ್ತದೆ? ಸಂಶಯ ಎಂದು ನಾವು ಹೇಳಬಹುದು, ಬರೀ ಸಾಲದು ಎಂಬುದಷ್ಟೇ ಎಂದು ಸರ್ಕಾರದ ವಕೀಲರು ಹೇಳಬಹುದು, ಎರಡಕ್ಕೂ ತೀರ್ಪುಗಳು ಸಿಗುತ್ತವೆ. ಆದ್ದರಿಂದ ಅವರು ಮೊದಲು ಇಟ್ಟದ್ದು ಸರಳವಾದ ಒಂದು ಹೋಲಿಕೆ: ಎಡಗಡೆ ವರ್ಗೀಕರಣದ ಪಠ್ಯ, ಬಲಗಡೆ ಸೇಠರ ಪತ್ರ. ಕೆನಡಾದ ಆ ವಿವರಣೆಯಲ್ಲಿ ಜಿ.ಎಸ್.ಟಿ. ರಿಟರ್ನ್ ಇಲ್ಲ, ಟಿ.ಡಿ.ಎಸ್. ಇಲ್ಲ, ಬ್ಯಾಂಕಿಗೆ ಕಳುಹಿಸುವ ಸ್ಟಾಕ್ ಸ್ಟೇಟ್‌ಮೆಂಟ್ ಇಲ್ಲ, ಕಾಯಿಲ್‌ಗಳ ಕಸ್ಟಮ್ಸ್ ಸುಂಕವೂ ಇಲ್ಲ. ಇದನ್ನು ನಕಲು ಎಂದು ಹೇಳಿದವರು ಪತ್ರವನ್ನು ಪೂರ್ತಿ ಓದಿದ್ದಾರೆಯೇ?

ಈ ವಾದಕ್ಕೆ ಬಲ ಕೊಟ್ಟದ್ದು ಅಲ್ಲಿನ ಸುಪ್ರೀಂ ಕೋರ್ಟು 2019ರ ಡಿಸೆಂಬರಿನಲ್ಲಿ ಕೊಟ್ಟ ವಾವಿಲೋವ್ ತೀರ್ಪು. ನಿರ್ಧಾರ ಸರಿಯೋ ತಪ್ಪೋ ಎಂದು ನ್ಯಾಯಾಲಯ ಕೇಳುವುದಿಲ್ಲ, ಅದು ವಿವೇಚನಾಯುತವೇ ಎಂದು ಕೇಳುತ್ತದೆ; ಅಂದರೆ ಕೊಟ್ಟ ಕಾರಣಗಳಲ್ಲಿ ಒಂದಕ್ಕೊಂದು ಸಂಬಂಧವಿರಬೇಕು, ಎದುರಿಗಿದ್ದ ಪುರಾವೆಗೂ ಕಾನೂನಿಗೂ ಅವು ಹೊಂದಬೇಕು. ಅಧಿಕಾರಿ ಪುರಾವೆಯನ್ನು ಮೂಲಭೂತವಾಗಿ ತಪ್ಪು ತಿಳಿದಿದ್ದರೆ ಅಥವಾ ಲೆಕ್ಕಕ್ಕೇ ತೆಗೆದುಕೊಳ್ಳದಿದ್ದರೆ ಆ ನಿರ್ಧಾರ ನಿಲ್ಲಲಾರದು. ಹಾಗೆಂದು ಪ್ರತಿಯೊಂದು ಕಾಗದದ ಹೆಸರನ್ನೂ ಅಧಿಕಾರಿ ಬರೆಯಬೇಕಾಗಿಲ್ಲ. ಎಲ್ಲವನ್ನೂ ನೋಡಿದ್ದಾರೆ ಎಂದೇ ನ್ಯಾಯಾಲಯ ಭಾವಿಸುತ್ತದೆ. ಆದರೆ 1998ರ ಸೆಪೇಡಾ-ಗುಟಿಯೆರೆಸ್ ತೀರ್ಪಿನ ಪ್ರಕಾರ, ಹೆಸರಿಸದೆ ಬಿಟ್ಟ ಪುರಾವೆ ಎಷ್ಟು ಮುಖ್ಯವೋ, ಅದನ್ನು ನೋಡಿಯೇ ಇಲ್ಲ ಎಂದು ನ್ಯಾಯಾಲಯ ಊಹಿಸುವ ಸಂಭವವೂ ಅಷ್ಟೇ ಹೆಚ್ಚು. ಆದಾಯ ತೆರಿಗೆ ಕಡಿತವನ್ನು ತೋರಿಸುವ ಫಾರ್ಮ್ 16 ಕಡತದಲ್ಲಿದ್ದಾಗ ಬೇರೆ ದಾಖಲೆ ಸಾಲದು ಎಂದು ಬರೆಯುವುದಾದರೆ, ಅದು ಏಕೆ ಸಾಲದು ಎಂದು ಒಂದು ಸಾಲಾದರೂ ಬೇಕಲ್ಲವೇ ಎಂಬುದು ನಮ್ಮ ಪ್ರಶ್ನೆಯಾಯಿತು. ಲೆಕ್ಕ ಬರೆಯುವವಳಾಗಿ ನನಗೆ ಈ ರೀತಿ ಹಿಡಿಸಿತೆಂದು ಹೇಳಬೇಕು. ಆಡಿಟರ್ ಕೂಡ ವ್ಯಾಪಾರ ಲಾಭದಲ್ಲಿದೆಯೇ ಎಂದು ನೋಡುವುದಿಲ್ಲ, ನಮೂದಿಗೆ ವೋಚರ್ ಇದೆಯೇ ಎಂದು ನೋಡುತ್ತಾನೆ.

ಕೆಲವು ಪ್ರಕರಣಗಳಲ್ಲಿ ಈ ಹಂತದಲ್ಲಿಯೇ ಸರ್ಕಾರದ ವಕೀಲರು, ನೀವು ಪ್ರಕರಣ ಹಿಂತೆಗೆದುಕೊಳ್ಳಿ, ಅರ್ಜಿಯನ್ನು ಬೇರೆ ಅಧಿಕಾರಿಗೆ ಕಳುಹಿಸುತ್ತೇವೆ ಎಂದು ರಾಜಿಗೆ ಬರುತ್ತಾರೆ. ಹಾಗೆ ಬಂದರೆ ಒಪ್ಪಿಕೊಳ್ಳುವುದು ಒಳ್ಳೆಯದೆಂದು ನಮ್ಮ ವಕೀಲರೂ ಹೇಳಿದ್ದರು, ಏಕೆಂದರೆ ಗೆದ್ದರೂ ಸಿಗುವುದು ಅದೇ ತಾನೆ. ನಮಗೆ ಅಂಥ ಪತ್ರ ಬರಲಿಲ್ಲ. ಕೆಲವು ತಿಂಗಳ ನಂತರ ಅನುಮತಿಯ ಆದೇಶ ಬಂತು. ಅನುಮತಿ ಸಿಕ್ಕ 30ರಿಂದ 90 ದಿನಗಳ ಒಳಗೆ ವಿಚಾರಣೆ ಆಗಬೇಕೆಂದು ಕಾಯಿದೆಯೇ ಹೇಳುವುದರಿಂದ, ಅಲ್ಲಿಂದ ಮುಂದಿನದು ಬೇಗ ನಡೆಯಿತು. ಅಧಿಕಾರಿಯ ಮುಂದಿದ್ದ ಕಡತದ ದೃಢೀಕೃತ ಪ್ರತಿಯೂ ಬಂತು, ಅದರಲ್ಲಿ ನನ್ನ ಫಾರ್ಮ್ 16ಗಳು ಕ್ರಮವಾಗಿ ಇದ್ದವು. ಅವನ್ನು ನೋಡಿದ ಮೇಲೆಯೇ ನನಗೆ ಧೈರ್ಯ ಬಂದದ್ದು. ಅಪ್‌ಲೋಡ್ ಆಗದೆ ಉಳಿದಿದ್ದರೆ ನಮ್ಮ ವಾದವೇ ಕುಸಿಯುತ್ತಿತ್ತು.

ವಿಚಾರಣೆ ಜೂಮ್ ಮೂಲಕ ನಡೆಯಿತು, ನಮ್ಮಲ್ಲಿ ಆಗ ಸಂಜೆ. ವಕೀಲರಿದ್ದರೆ ಅರ್ಜಿದಾರರು ಹಾಜರಿರಬೇಕಾಗಿಲ್ಲ, ಮಾತನಾಡುವಂತೆಯೂ ಇಲ್ಲ; ನಾವು ವೀಕ್ಷಕರಾಗಿ ಕುಳಿತೆವು. ನನ್ನ ಬದುಕಿನ ವಿಷಯ ಅಲ್ಲಿ ಬರಲೇ ಇಲ್ಲ. ನ್ಯಾಯಾಧೀಶರು ಸರ್ಕಾರದ ವಕೀಲರನ್ನು ಮತ್ತೆ ಮತ್ತೆ ಕೇಳಿದ್ದು ಒಂದೇ: ಪತ್ರದ ಯಾವ ವಾಕ್ಯ ವರ್ಗೀಕರಣದ ಯಾವ ವಾಕ್ಯದ ನಕಲು, ತೋರಿಸಿ. ಅವರು ಎರಡು ವಾಕ್ಯ ತೋರಿಸಿದರು. ಆರ್ಥಿಕ ತಖ್ತೆಗಳನ್ನು ತಯಾರಿಸುವುದು, ಖಾತೆಗಳನ್ನು ಪರಿಶೀಲಿಸುವುದು ಎಂಬಂಥವು. ಯಾವ ದೇಶದ ಅಕೌಂಟೆಂಟ್ ತಾನೆ ಅದನ್ನು ಬೇರೆ ರೀತಿಯಲ್ಲಿ ಬರೆದಾನು ಎಂಬ ಅರ್ಥದ ಮಾತನ್ನು ನ್ಯಾಯಾಧೀಶರು ಆಡಿದಾಗ, ಪಕ್ಕದಲ್ಲಿ ಕುಳಿತಿದ್ದ ಮಾವ ನನ್ನ ಕೈ ತಟ್ಟಿದರು. ನಮ್ಮ ವಕೀಲರಿಗೂ ಬಿಸಿ ತಟ್ಟದೆ ಇರಲಿಲ್ಲ. ಅಧಿಕಾರಿ ನನ್ನನ್ನು ಕೇಳಬೇಕಿತ್ತು ಎಂಬ ನನ್ನ ಪ್ರೀತಿಯ ವಾದವನ್ನು ಅವರು ಮಂಡಿಸತೊಡಗಿದ ಸ್ವಲ್ಪ ಹೊತ್ತಿಗೇ, ಅದು ಬೇಕಾಗಲಾರದು ಎಂಬ ಸೂಚನೆ ಪೀಠದಿಂದ ಬಂತು.

ಕೆಲವು ವಾರಗಳ ನಂತರ ಬಂದ ತೀರ್ಪು ಚಿಕ್ಕದು. ನಿರ್ಧಾರ ವಿವೇಚನಾಯುತವಾಗಿಲ್ಲ, ಅದನ್ನು ರದ್ದು ಮಾಡಿ ಬೇರೆ ಅಧಿಕಾರಿಗೆ ಕಳುಹಿಸಲಾಗಿದೆ, ಅಪೀಲಿಗೆ ದಾರಿ ತೆರೆಯುವ ಪ್ರಶ್ನೆಯನ್ನೇನೂ ಪ್ರಮಾಣೀಕರಿಸಿಲ್ಲ, ಖರ್ಚಿನ ಆದೇಶವಿಲ್ಲ. ಅಧಿಕಾರಿ ನನ್ನನ್ನು ಕೇಳಬೇಕಿತ್ತೇ ಎಂಬ ಸಹಜ ನ್ಯಾಯದ ಪ್ರಶ್ನೆಯನ್ನು ಪರಿಶೀಲಿಸುವ ಅಗತ್ಯವಿಲ್ಲ ಎಂದು ಒಂದು ಸಾಲು. ತೀರ್ಪುಗಳು ನ್ಯಾಯಾಲಯದ ಜಾಲತಾಣದಲ್ಲಿ ಅರ್ಜಿದಾರರ ಹೆಸರಿನೊಂದಿಗೇ ಪ್ರಕಟವಾಗುತ್ತವೆ; ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು, ಏಕೆಂದರೆ ಹೆಸರು ಹುಡುಕಿದವರಿಗೆಲ್ಲ ನಿಮ್ಮ ಸಂಬಳ, ಕೆಲಸದ ವಿವರಗಳು ಕಾಣಿಸುತ್ತವೆ. ನಾನು ಇಲ್ಲಿ ನನ್ನ ಪ್ರಕರಣದ ಸಂಖ್ಯೆ ಕೊಡದಿರುವುದಕ್ಕೂ ಕಾರಣ ಅದೇ.

ಪುನರ್‌ನಿರ್ಧಾರದ ಹಂತದಲ್ಲಿ ಹೊಸ ಕಾಗದಗಳಿಗೆ ಬಾಗಿಲು ತೆರೆಯುತ್ತದೆ. ನಾನು ಮೊದಲು ಮಾಡಿಟ್ಟುಕೊಂಡಿದ್ದ ಪಟ್ಟಿ ಆಗ ಉಪಯೋಗಕ್ಕೆ ಬಂತು. ಆಡಿಟರು ಪತ್ರ ಕೊಟ್ಟರು, ಸೇಠರು ಹೊಸ ಪತ್ರದಲ್ಲಿ ಪ್ರತಿಯೊಂದು ಕೆಲಸಕ್ಕೂ ವಾರದಲ್ಲಿ ಎಷ್ಟು ಹೊತ್ತು ಹೋಗುತ್ತದೆಂದು ಬರೆಸಿದರು, ಬ್ಯಾಂಕಿನವರು ಮಾತ್ರ ತಮ್ಮ ನಿಯಮದಲ್ಲಿ ಅಂಥ ಪ್ರಮಾಣಪತ್ರವಿಲ್ಲ ಎಂದು ಕೈಯಾಡಿಸಿಬಿಟ್ಟರು. ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರ ಮತ್ತು ವೈದ್ಯಕೀಯ ತಪಾಸಣೆ ಹಳತಾಗಿದ್ದುದರಿಂದ ಅವನ್ನೂ ಮತ್ತೆ ಮಾಡಿಸಬೇಕಾಯಿತು. ಹೊಸ ಅಧಿಕಾರಿ ಕೇಳಿದ್ದೆಲ್ಲವನ್ನೂ ಕಳೆದ ತಿಂಗಳು ಅಪ್‌ಲೋಡ್ ಮಾಡಿದ್ದೇವೆ. ಅವರು ಸರಿಯಾದ ಕಾರಣ ಬರೆದು ಮತ್ತೆ ತಿರಸ್ಕರಿಸಬಹುದು, ಅದಕ್ಕೆ ಕಾನೂನಿನ ಅಡ್ಡಿಯೇನೂ ಇಲ್ಲ ಎಂದು ವಕೀಲರು ಎಚ್ಚರಿಸಿದ್ದಾರೆ. ಈ ಸಲ ಕಳುಹಿಸಿದ ಪ್ರತಿಯೊಂದು ಪುಟದ ಸೂಚಿಯನ್ನೂ ಅಪ್‌ಲೋಡಿನ ರಸೀದಿಯನ್ನೂ ಒಂದು ಫೈಲಿನಲ್ಲಿ ಹಾಕಿ, ಒಂದು ಪ್ರತಿಯನ್ನು ಮಾವನ ಮನೆಯಲ್ಲಿಟ್ಟಿದ್ದೇನೆ.